ಮಗುವಿನ ತಟ್ಟೆಯೂ ಪರೀಕ್ಷೆಯ ವರದಿಯೂ

"ನಂಜು" ಎಂಬುದು ನಮ್ಮ ಮನೆಗಳಲ್ಲಿ ಬಹು ಹಳೆಯ ಮಾತು. ಗಾಯವಾದವನಿಗೆ ಬದನೆಕಾಯಿ ನಂಜು. ಕೆಮ್ಮುವ ಮಗುವಿಗೆ ಬಾಳೆಹಣ್ಣು ಶೀತ. ಕಡಲೆಕಾಯಿ ತಿಂದರೆ ಪಿತ್ತ. ಹೀಗೆ ಒಂದೊಂದು ಮನೆತನಕ್ಕೂ ಒಂದೊಂದು ನಿಷೇಧದ ಪಟ್ಟಿಯುಂಟು. ಅಜ್ಜಿಯರು ಈ ಪಟ್ಟಿಯನ್ನು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದರು. ಇಂದು ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬಂದು ಕುಳಿತಿದೆ. ಅದು ರಕ್ತಪರೀಕ್ಷೆಯ ಪ್ರಯೋಗಶಾಲೆಯಿಂದ ಅಚ್ಚಾಗಿ ಬರುತ್ತದೆ. ಅದರಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು, ಆಹಾರಪದಾರ್ಥಗಳ ಹೆಸರುಗಳೂ ಅವುಗಳ ಮುಂದೆ ದಶಮಾಂಶ ಸಹಿತವಾದ ಅಂಕಿಗಳೂ ಕೆಂಪು, ಹಳದಿ, ಹಸಿರು ಗುರುತುಗಳೂ ಇರುತ್ತವೆ. ಅಜ್ಜಿಯ ಪಟ್ಟಿಯನ್ನು ಪ್ರಶ್ನಿಸುವ ಧೈರ್ಯ ವಿದ್ಯಾವಂತರಲ್ಲಿ ಉಂಟು. ಅಚ್ಚಾದ ಪಟ್ಟಿಯನ್ನು ಪ್ರಶ್ನಿಸುವವರು ವಿರಳ.

ಮಕ್ಕಳ ಆಹಾರದ ಅಲರ್ಜಿಯ ವಿಚಾರದಲ್ಲಿ ನಮ್ಮ ಸಮಾಜ ಏಕಕಾಲಕ್ಕೆ ಎರಡು ವಿರುದ್ಧ ದಿಕ್ಕುಗಳಲ್ಲಿ ತಪ್ಪುತ್ತಿದೆ ಎಂಬುದು ನನ್ನ ಅಭಿಪ್ರಾಯ. ಅಲರ್ಜಿಯೇ ಇಲ್ಲದ ಮಕ್ಕಳ ತಟ್ಟೆಯಿಂದ ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿಗಳನ್ನು ಕೇವಲ ವರದಿಯ ಬಲದ ಮೇಲೆ ಎತ್ತಿಹಾಕುವುದು ಒಂದು; ನಿಜವಾದ ಅಲರ್ಜಿಯಿರುವ ಕೆಲವೇ ಮಕ್ಕಳಿಗೆ ಪ್ರಾಣರಕ್ಷಕವಾದ ಸಿದ್ಧತೆಯನ್ನು ಮಾಡದೆ ಬಿಡುವುದು ಇನ್ನೊಂದು. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನು. ವೈದ್ಯರಿಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಆದರೆ ಮೊದಲನೆಯ ತಪ್ಪಿನ ಮೂಲದಲ್ಲಿರುವುದು ಅಳತೆಯ ಅರ್ಥವನ್ನು ಕುರಿತ ಗೊಂದಲ. ಅಳತೆಯನ್ನು ಕುರಿತು ಮಾತನಾಡುವುದು ನನ್ನ ವೃತ್ತಿಗೆ ಸೇರಿದ ಕೆಲಸ.

ಅಲರ್ಜಿ ಎಂಬ ಪದವನ್ನು 1906ರಲ್ಲಿ ರೂಪಿಸಿದವರು ವಿಯೆನ್ನಾ ನಗರದ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ. "ಬೇರೆ" ಮತ್ತು "ಕ್ರಿಯೆ" ಎಂಬ ಅರ್ಥವುಳ್ಳ ಎರಡು ಗ್ರೀಕ್ ಪದಗಳ ಜೋಡಣೆ ಅದು. ಕನ್ನಡದಲ್ಲಿ ಇದನ್ನು "ಒಗ್ಗದಿಕೆ" ಎಂದು ಕರೆಯುವುದುಂಟು. ಪದವೇನೋ ಚೆನ್ನಾಗಿದೆ, ಆದರೆ ಒಂದು ಆಹಾರ ಒಗ್ಗದಿರುವುದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಅಲರ್ಜಿ ಒಂದು ಮಾತ್ರ. ಆದುದರಿಂದ ಇಲ್ಲಿ ಅಲರ್ಜಿ ಎಂಬ ಪದವನ್ನೇ ಇಟ್ಟುಕೊಳ್ಳುತ್ತೇನೆ.

ಪಿರ್ಕೆಯವರಿಗೆ ಕೆಲವು ವರ್ಷ ಮೊದಲೇ, 1902ರಲ್ಲಿ, ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ಒಂದು ವಿಚಿತ್ರವನ್ನು ಪ್ರಕಟಿಸಿದ್ದರು. ಅನಿಮೋನಿ ಎಂಬ ಸಮುದ್ರಜೀವಿಯ ವಿಷವನ್ನು ನಾಯಿಗಳಿಗೆ ಅಲ್ಪ ಪ್ರಮಾಣದಲ್ಲಿ ಚುಚ್ಚಿದರೆ ಅವು ವಿಷವನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆಯಬಹುದೆಂದು ಅವರು ನಿರೀಕ್ಷಿಸಿದ್ದರು. ನಡೆದದ್ದು ಇದಕ್ಕೆ ವಿರುದ್ಧ. ಮೊದಲ ಸಲ ತಡೆದುಕೊಂಡು ಬದುಕಿದ ನಾಯಿ, ಕೆಲವು ವಾರಗಳ ಬಳಿಕ ಅದೇ ವಿಷದ ಇನ್ನೂ ಚಿಕ್ಕ ಪ್ರಮಾಣಕ್ಕೆ ನಿಮಿಷಗಳಲ್ಲಿ ಸತ್ತುಹೋಯಿತು. ಶರೀರ ಮೊದಲ ಭೇಟಿಯನ್ನು ನೆನಪಿಟ್ಟುಕೊಂಡಿತ್ತು; ಆ ನೆನಪೇ ಅದಕ್ಕೆ ಮಾರಕವಾಯಿತು. ಈ ತೀವ್ರ ಪ್ರತಿಕ್ರಿಯೆಗೆ ಅವರು ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಿಶೆಯವರಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆ ನೆನಪು ಶರೀರದಲ್ಲಿ ಎಲ್ಲಿ ಅಡಗಿರುತ್ತದೆ? ಇದಕ್ಕೆ ಮೊದಲ ಸುಳಿವನ್ನು ಕೊಟ್ಟದ್ದು 1921ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಹೈಂಟ್ಸ್ ಕ್ಯೂಸ್ಟ್ನರ್ ಎಂಬ ಜರ್ಮನ್ ವೈದ್ಯರಿಗೆ ಮೀನು ಆಗುತ್ತಿರಲಿಲ್ಲ. ಅವರ ಗೆಳೆಯ ಕಾರ್ಲ್ ಪ್ರಾಸ್ನಿಟ್ಸ್ ಕ್ಯೂಸ್ಟ್ನರ್‌ರ ರಕ್ತದ ತಿಳಿಯನ್ನು ತಮ್ಮ ಚರ್ಮದೊಳಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡರು. ಆ ಸ್ಥಳದಲ್ಲಿ ಗಂದೆ ಎದ್ದಿತು. ರಕ್ತದಲ್ಲಿರುವ ಯಾವುದೋ ವಸ್ತು ಒಬ್ಬರಿಂದ ಇನ್ನೊಬ್ಬರಿಗೆ ಅಲರ್ಜಿಯನ್ನು ಒಯ್ಯಬಲ್ಲದೆಂದು ಹೀಗೆ ತಿಳಿಯಿತು. ಆ ವಸ್ತುವಿನ ನಿಜಸ್ವರೂಪವನ್ನು ಕಂಡುಹಿಡಿಯಲು ಮತ್ತೆ ನಾಲ್ಕೂವರೆ ದಶಕ ಬೇಕಾಯಿತು. 1966-67ರಲ್ಲಿ ಅಮೆರಿಕದಲ್ಲಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ದಂಪತಿಗಳೂ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಅವರೂ ಪ್ರತ್ಯೇಕವಾಗಿ ಅದನ್ನು ಗುರುತಿಸಿದರು. 1968ರಲ್ಲಿ ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್-ಇ ಎಂಬ ಹೆಸರು ನಿಶ್ಚಯವಾಯಿತು. ಚಿಕ್ಕದಾಗಿ ಐಜಿ-ಇ ಎನ್ನುತ್ತಾರೆ.

ಇದರ ಕೆಲಸ ಹೀಗೆ. ಹಾಲು, ಮೊಟ್ಟೆ, ಕಡಲೆಕಾಯಿಗಳಲ್ಲಿರುವ ಯಾವುದಾದರೂ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ಶರೀರ ಶತ್ರುವೆಂದು ಭಾವಿಸಿದಾಗ ಅದಕ್ಕೆ ಹೊಂದುವ ಐಜಿ-ಇ ತಯಾರಾಗುತ್ತದೆ. ಇದು ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳೆಂಬ ಜೀವಕೋಶಗಳ ಮೈಮೇಲೆ ಅಂಟಿಕೊಂಡು ಕಾದಿರುತ್ತದೆ. ಮುಂದಿನ ಸಲ ಅದೇ ಸಸಾರಜನಕ ಬಂದು ತಗುಲಿದೊಡನೆ ಆ ಕೋಶಗಳು ಹಿಸ್ಟಮೀನ್ ಮೊದಲಾದ ವಸ್ತುಗಳನ್ನು ಹೊರಚೆಲ್ಲುತ್ತವೆ. ತುಟಿ ಊದುತ್ತದೆ, ಮೈಮೇಲೆ ಪಿತ್ತದ ಗಂದೆ ಏಳುತ್ತದೆ, ವಾಂತಿಯಾಗುತ್ತದೆ. ತೀವ್ರವಾದರೆ ಉಸಿರುಕಟ್ಟಿ ರಕ್ತದೊತ್ತಡ ಕುಸಿಯುತ್ತದೆ. ಇವೆಲ್ಲ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ನಡೆಯುವಂಥವು, ತಿಂದಾಗಲೆಲ್ಲ ಮರುಕಳಿಸುವಂಥವು. ನಿಧಾನವಾಗಿ ಕರುಳನ್ನು ಕಾಡುವ, ಐಜಿ-ಇ ಪಾತ್ರವಿಲ್ಲದ ಅಲರ್ಜಿಗಳೂ ಶಿಶುಗಳಲ್ಲಿ ಉಂಟು. ಅವುಗಳ ಪತ್ತೆ ವೈದ್ಯರ ಕೆಲಸ.

ಈ ವಿವರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಂದು ಸಾಮಾನ್ಯ ಗೊಂದಲ ಪರಿಹಾರವಾಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ, ಭೇದಿಯಾಗುವ ಮಕ್ಕಳು ಅನೇಕರಿದ್ದಾರೆ. ಇವರಲ್ಲಿ ಬಹುಮಂದಿಗೆ ಇರುವ ತೊಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವದ ಕೊರತೆ. ಅರ್ಧ ಲೋಟ ಹಿಡಿಸುತ್ತದೆ, ಎರಡು ಲೋಟ ಹಿಡಿಸುವುದಿಲ್ಲ. ಹಾಲು ಕೆಡಿಸುತ್ತದೆ, ಮೊಸರು ಮಜ್ಜಿಗೆಗಳು ಒಗ್ಗುತ್ತವೆ. ಇದರಿಂದ ಪ್ರಾಣಭಯವಿಲ್ಲ. ಹಾಲಿನ ಅಲರ್ಜಿಯಾದರೋ ಸಸಾರಜನಕಕ್ಕೆ ಸಂಬಂಧಿಸಿದ್ದು. ಅದಕ್ಕೆ ಒಂದು ಚಮಚ ಮೊಸರೂ ಸಾಕು. ಎರಡಕ್ಕೂ ಒಂದೇ ಹೆಸರಿಟ್ಟು ಒಂದೇ ಪಥ್ಯವನ್ನು ವಿಧಿಸುವುದು ಸರಿಯಲ್ಲ.

ಇನ್ನು ಪರೀಕ್ಷೆಯ ಮಾತು. ರಕ್ತಪರೀಕ್ಷೆಯಾಗಲಿ, ಚರ್ಮವನ್ನು ಸೂಜಿಯಿಂದ ಮೆಲ್ಲನೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ, ತಿಳಿಸುವುದು ಒಂದೇ ಸಂಗತಿಯನ್ನು: ಈ ಆಹಾರಕ್ಕೆ ಹೊಂದುವ ಐಜಿ-ಇ ಶರೀರದಲ್ಲಿ ಇದೆಯೆ, ಎಷ್ಟಿದೆ ಎಂಬುದನ್ನು. ಆ ಆಹಾರವನ್ನು ತಿಂದರೆ ಮಗುವಿಗೆ ತೊಂದರೆಯಾಗುವುದೆ ಎಂಬ ಪ್ರಶ್ನೆಯನ್ನು ಅದು ನೇರವಾಗಿ ಕೇಳುವುದೇ ಇಲ್ಲ. ಐಜಿ-ಇ ಇದ್ದೂ ಆ ಆಹಾರವನ್ನು ನಿತ್ಯವೂ ಸುಖವಾಗಿ ಉಂಡು ತೇಗುವವರು ಬಹಳ. ಗಿಡ ಹುಲ್ಲುಗಳ ಪರಾಗದಲ್ಲಿರುವ ಸಸಾರಜನಕಗಳಿಗೂ ಆಹಾರದ ಸಸಾರಜನಕಗಳಿಗೂ ಹೋಲಿಕೆಯಿರುವುದು ಇದಕ್ಕೆ ಒಂದು ಕಾರಣ. ಒಂದಕ್ಕಾಗಿ ತಯಾರಾದ ಐಜಿ-ಇ ಪರೀಕ್ಷಾನಳಿಕೆಯಲ್ಲಿ ಇನ್ನೊಂದಕ್ಕೂ ಅಂಟಿಕೊಳ್ಳುತ್ತದೆ.

ಇದು ಊಹೆಯ ಮಾತಲ್ಲ. ನಮ್ಮ ಕರ್ನಾಟಕದಲ್ಲೇ ನಡೆದು 2016ರಲ್ಲಿ ಪ್ರಕಟವಾದ ಯುರೋಪ್ರಿವಾಲ್ ಸಮೀಕ್ಷೆಯಲ್ಲಿ 24 ಆಹಾರಗಳ ಬಗೆಗೆ ವಯಸ್ಕರ ರಕ್ತವನ್ನು ಪರೀಕ್ಷಿಸಲಾಯಿತು. ಶೇಕಡಾ 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಹೊಂದುವ ಐಜಿ-ಇ ಕಂಡುಬಂತು. ಆದರೆ ತಿಂದಾಗ ಆಗುವ ತೊಂದರೆಯ ವಿವರವನ್ನೂ ಕೂಡಿಸಿ ನೋಡಿದಾಗ ಅಲರ್ಜಿ ಇರಬಹುದೆಂದು ಹೇಳಬಹುದಾದವರು ಶೇಕಡಾ 1.2 ಮಾತ್ರ! ಎಂದರೆ ಕೇವಲ ರಕ್ತವನ್ನು ನಂಬಿದ್ದರೆ, ಅಲರ್ಜಿಯುಳ್ಳ ಒಬ್ಬರ ಜೊತೆಗೆ ಅಲರ್ಜಿಯಿಲ್ಲದ ಇಪ್ಪತ್ತು ಮಂದಿಯನ್ನೂ ಪಥ್ಯಕ್ಕೆ ಕೂರಿಸಬೇಕಾಗುತ್ತಿತ್ತು. ಇದೇ ಸಮೀಕ್ಷೆಯ ಮಕ್ಕಳ ಭಾಗ 2020ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅಲರ್ಜಿ ಇರಬಹುದಾದ ಶಾಲಾಮಕ್ಕಳ ಪ್ರಮಾಣ ಹಾಂಗ್‌ಕಾಂಗಿನಲ್ಲಿ ಶೇಕಡಾ 1.5, ಭಾರತದಲ್ಲಿ ಶೇಕಡಾ 0.14.

ಈ ಕೊನೆಯ ಅಂಕಿಯನ್ನು ಹಿಡಿದು ಒಂದು ಚಿಕ್ಕ ಲೆಕ್ಕ ಮಾಡೋಣ. ಶೇಕಡಾ 0.14 ಎಂದರೆ 10,000 ಮಕ್ಕಳಲ್ಲಿ 14. ಲೆಕ್ಕದ ಅನುಕೂಲಕ್ಕಾಗಿ ಒಂದು ಪರೀಕ್ಷೆಯನ್ನು ಕಲ್ಪಿಸಿಕೊಳ್ಳೋಣ. ಅದು ಅಲರ್ಜಿಯುಳ್ಳ 100 ಮಕ್ಕಳಲ್ಲಿ 90 ಮಂದಿಯನ್ನು ಸರಿಯಾಗಿ ಹಿಡಿಯಲಿ, ಅಲರ್ಜಿಯಿಲ್ಲದ 100 ಮಕ್ಕಳಲ್ಲಿ 10 ಮಂದಿಯನ್ನು ತಪ್ಪಾಗಿ ಹಿಡಿಯಲಿ. ಯಾವ ತೊಂದರೆಯನ್ನೂ ವಿಚಾರಿಸದೆ 10,000 ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಈ ಪರೀಕ್ಷೆಯನ್ನು ನಡೆಸಿದರೆ, ನಿಜವಾಗಿ ಅಲರ್ಜಿಯಿರುವ 14 ಮಂದಿಯಲ್ಲಿ ಸುಮಾರು 13 ಮಂದಿ ಸಿಕ್ಕುತ್ತಾರೆ. ಉಳಿದ 9,986 ಮಂದಿಯಲ್ಲಿ ಸುಮಾರು 999 ಮಂದಿಗೂ ಕೆಂಪು ಗುರುತು ಬೀಳುತ್ತದೆ. ಒಟ್ಟು ಕೆಂಪು ಗುರುತುಗಳು 1,012. ಅವುಗಳಲ್ಲಿ ನಿಜವಾದವು 13. ಎಪ್ಪತ್ತೆಂಟು ಮಕ್ಕಳ ಊಟವನ್ನು ಕಿತ್ತುಕೊಂಡರೆ ಅವರಲ್ಲಿ ಒಬ್ಬನಿಗೆ ಅದು ನ್ಯಾಯ!

ಈಗ ಅದೇ ಪರೀಕ್ಷೆಯನ್ನು ಬೇರೆ 100 ಮಕ್ಕಳಿಗೆ ಮಾಡೋಣ. ಕಡಲೆಕಾಯಿ ತಿಂದ ಹತ್ತು ನಿಮಿಷದಲ್ಲಿ ತುಟಿ ಊದಿ ವಾಂತಿಯಾಯಿತೆಂದು, ಅದೂ ಎರಡು ಸಲ ಹಾಗಾಯಿತೆಂದು, ತಾಯಂದಿರು ವೈದ್ಯರ ಬಳಿ ಕರೆತಂದ ಮಕ್ಕಳು ಇವರು. ಇವರಲ್ಲಿ 50 ಮಂದಿಗೆ ನಿಜವಾದ ಅಲರ್ಜಿ ಇದೆಯೆಂದು ಇಟ್ಟುಕೊಂಡರೆ, ಪರೀಕ್ಷೆ 45 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, 5 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಇಲ್ಲಿ ಕೆಂಪು ಗುರುತು ನೂರಕ್ಕೆ ತೊಂಬತ್ತು ಪಾಲು ಸತ್ಯ. ಯಂತ್ರ ಅದೇ, ರಾಸಾಯನಿಕ ಅದೇ. ಬದಲಾದದ್ದು ಪರೀಕ್ಷೆಗೆ ಮೊದಲು ಕೇಳಿದ ಪ್ರಶ್ನೆ. ಆದುದರಿಂದ ಅನುಭವಿ ವೈದ್ಯರು ಮೊದಲು ತಾಯಿಯ ಮಾತನ್ನು ಕೇಳುತ್ತಾರೆ: ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಹಿಂದೆ ಎಂದಾದರೂ ತಿಂದು ಸುಮ್ಮನಿತ್ತೆ? ಈ ಪ್ರಶ್ನೆಗಳಿಗೆ ತಗಲುವ ಖರ್ಚು ಒಂದು ನೋಟ್‌ಪುಸ್ತಕದ್ದು.

ನೂರು ಪದಾರ್ಥಗಳನ್ನು ಒಟ್ಟಿಗೆ ಪರೀಕ್ಷಿಸುವ ದೊಡ್ಡ ಪಟ್ಟಿಗಳ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಪ್ರತಿಯೊಂದು ಪದಾರ್ಥದಲ್ಲಿಯೂ ತಪ್ಪು ಗುರುತು ಬೀಳುವ ಸಂಭವ ಶೇಕಡಾ 5 ಮಾತ್ರ ಎನ್ನೋಣ, ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲ ಎನ್ನೋಣ. ಆಗ ಯಾವ ಅಲರ್ಜಿಯೂ ಇಲ್ಲದ ಮಗು ನೂರು ಪದಾರ್ಥಗಳಲ್ಲಿ ಒಂದೂ ಕೆಂಪು ಗುರುತಿಲ್ಲದೆ ಹೊರಬರುವ ಸಂಭವ, 0.95ನ್ನು ನೂರು ಸಲ ಗುಣಿಸಿದಷ್ಟು. ಎಂದರೆ ಸಾವಿರಕ್ಕೆ ಸುಮಾರು 6. ಇಂಥ ಜಾಲವನ್ನು ಬೀಸಿದರೆ ಏನಾದರೊಂದು ಸಿಕ್ಕೇ ಸಿಕ್ಕುತ್ತದೆ. ಐಜಿ-ಜಿ ಎಂಬ ಬೇರೊಂದು ಪ್ರತಿಕಾಯವನ್ನು ಅಳೆದು "ನಿಮ್ಮ ಮಗುವಿಗೆ ಒಗ್ಗದ ಆಹಾರಗಳು" ಎಂದು ಪಟ್ಟಿ ಕೊಡುವವರೂ ಇದ್ದಾರೆ. ಯಾವುದಾದರೂ ಆಹಾರವನ್ನು ಮಗು ತಿನ್ನುತ್ತಾ ಬಂದಿದೆ ಎಂಬುದಕ್ಕೆ ಐಜಿ-ಜಿ ಸಾಕ್ಷಿ, ಅಷ್ಟೆ. ಅದರ ಒಂದು ಬಗೆಯಾದ ಐಜಿ-ಜಿ4ನ್ನು ಆಧರಿಸಿ ಆಹಾರದ ಅಲರ್ಜಿಯನ್ನಾಗಲಿ ಒಗ್ಗದಿಕೆಯನ್ನಾಗಲಿ ನಿರ್ಣಯಿಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಸಂಸ್ಥೆ 2008ರಲ್ಲಿಯೇ ಸ್ಪಷ್ಟವಾಗಿ ತಿಳಿಸಿತು. ಹೀಗಿದ್ದೂ ಅನ್ನ ತಿನ್ನುವ ಮಗುವಿಗೆ ಅಕ್ಕಿಯ ಮುಂದೆ, ರಾಗಿ ತಿನ್ನುವ ಮಗುವಿಗೆ ರಾಗಿಯ ಮುಂದೆ ಗುರುತು ಹಾಕಿ ಹಣ ಪಡೆಯುವುದನ್ನು ವಿಜ್ಞಾನವೆಂದು ಕರೆಯಲು ನನಗೆ ಮನಸ್ಸಿಲ್ಲ.

ಸಂಶಯ ಉಳಿದರೆ ಅದನ್ನು ಪರಿಹರಿಸುವ ಮಾರ್ಗ ಯಾವುದು? ಭೌತವಿಜ್ಞಾನಿಗೆ ಸುಲಭವಾಗಿ ಒಪ್ಪಿಗೆಯಾಗುವ ಮಾರ್ಗವೇ: ನೇರವಾಗಿ ಪ್ರಯೋಗ ಮಾಡಿ ನೋಡುವುದು. ಆಸ್ಪತ್ರೆಯಲ್ಲಿ, ಔಷಧವನ್ನು ಕೈಗೆಟಕುವಂತೆ ಇಟ್ಟುಕೊಂಡು, ಶಂಕಿತ ಆಹಾರವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಏರಿಸುತ್ತಾ ಮಗುವಿಗೆ ತಿನ್ನಿಸಿ ಕಾಯುತ್ತಾರೆ. ಯಾವ ತುತ್ತಿನಲ್ಲಿ ಆ ಆಹಾರವಿದೆ, ಯಾವುದರಲ್ಲಿ ಇಲ್ಲ ಎಂಬುದು ಮಗುವಿಗೂ ವೈದ್ಯರಿಗೂ ತಿಳಿಯದಂತೆ ನಡೆಸುವ ಕ್ರಮವನ್ನು ಅಮೆರಿಕದ ಚಾರ್ಲ್ಸ್ ಮೇ 1976ರಲ್ಲಿ ಪ್ರಚಾರಕ್ಕೆ ತಂದರು. ಇದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸತಕ್ಕದ್ದಲ್ಲ. ಇದಕ್ಕೆ ಸಮಯವೂ ತರಬೇತಿಯೂ ಬೇಕು. ಆದರೆ ಇದರ ಉತ್ತರ ವರ್ಷಗಟ್ಟಲೆಯ ಅನವಶ್ಯಕ ಪಥ್ಯವನ್ನು ಒಂದೇ ದಿನದಲ್ಲಿ ಮುಗಿಸಬಲ್ಲದು.

"ಅಪಾಯವೇಕೆ, ಸಂಶಯ ಬಂದ ಆಹಾರವನ್ನು ಬಿಡಿಸಿದರೆ ನಷ್ಟವೇನು?" ಎಂದು ಓದುಗರು ಕೇಳಬಹುದು. ಮಗುವಿನ ಮೇಲಿನ ಮಮತೆಯಿಂದ ಹುಟ್ಟುವ ಪ್ರಶ್ನೆ ಇದು, ಉತ್ತರವನ್ನು ಹೇಳಲೇಬೇಕು. ನಷ್ಟ ಎರಡು ವಿಧ.

ಮೊದಲನೆಯದು ಪೋಷಣೆಯ ನಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಾಲು, ಮೊಟ್ಟೆ, ಬೇಳೆಕಾಳು, ಕಡಲೆಕಾಯಿಗಳು ಇಂಥ ನಾಡಿನ ಮಕ್ಕಳ ಮುಖ್ಯ ಸಸಾರಜನಕ. ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯವೆಂದು ಹಾಲನ್ನೂ ಕೆಲವು ವರ್ಷಗಳಿಂದ ಮೊಟ್ಟೆ ಅಥವಾ ಬಾಳೆಹಣ್ಣನ್ನೂ ಕೊಡುತ್ತಿರುವುದು ಈ ಕೊರತೆಯನ್ನು ತುಂಬಲೆಂದೇ. ಇವುಗಳಲ್ಲಿ ಎರಡನ್ನೋ ಮೂರನ್ನೋ ತೆಗೆದು, ಬದಲಿಗೆ ಏನನ್ನೂ ಇಡದೆ, ಮಗುವನ್ನು ಬೆಳೆಸುವುದು ಸುಲಭವಲ್ಲ.

ಎರಡನೆಯ ನಷ್ಟ ಇನ್ನೂ ಆಶ್ಚರ್ಯಕರ: ಆಹಾರವನ್ನು ದೂರವಿಡುವುದರಿಂದಲೇ ಅಲರ್ಜಿ ಹುಟ್ಟಬಹುದು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಅಲರ್ಜಿಯ ಸಂಭವ ಹೆಚ್ಚಿರುವ ಶಿಶುಗಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿಯನ್ನು ಕೊಡಬೇಡಿರೆಂದು ಸಲಹೆ ಮಾಡಿತು. ಈ ಸಲಹೆಗೆ ಆಧಾರ ಸಾಲದೆಂದು 2008ರಲ್ಲಿ ಕೈಬಿಟ್ಟಿತು. ಅದೇ ವರ್ಷ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಒಂದು ಹೋಲಿಕೆಯನ್ನು ಪ್ರಕಟಿಸಿದರು. ಇಂಗ್ಲೆಂಡಿನ ಯೆಹೂದಿ ಮಕ್ಕಳಲ್ಲಿ ಕಡಲೆಕಾಯಿಯ ಅಲರ್ಜಿ ಶೇಕಡಾ 1.85, ಎಳೆತನದಿಂದಲೇ ಕಡಲೆಕಾಯಿಯ ತಿಂಡಿಯನ್ನು ತಿನ್ನುವ ಇಸ್ರೇಲಿನ ಯೆಹೂದಿ ಮಕ್ಕಳಲ್ಲಿ ಶೇಕಡಾ 0.17. ಬಳಿಕ ಅವರು ತೀವ್ರವಾದ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳನ್ನು ಆರಿಸಿ, ಕೆಲವರಿಗೆ ಕಡಲೆಕಾಯಿಯನ್ನು ನಿಯಮಿತವಾಗಿ ಕೊಡಿಸಿದರು, ಉಳಿದವರಿಗೆ ಬಿಡಿಸಿದರು. 2015ರಲ್ಲಿ ಫಲಿತಾಂಶ ಹೊರಬಂತು. ಐದು ವರ್ಷ ವಯಸ್ಸಿಗೆ, ಬಿಟ್ಟವರಲ್ಲಿ ಶೇಕಡಾ 17.2 ಮಂದಿಗೆ ಅಲರ್ಜಿ. ತಿಂದವರಲ್ಲಿ ಶೇಕಡಾ 3.2. ಇಸಬಿನಿಂದ ಬಿರಿದ ಚರ್ಮದ ಮೂಲಕ ಮೊದಲು ಪರಿಚಯವಾದ ಆಹಾರವನ್ನು ಶರೀರ ಶತ್ರುವೆಂದೂ, ಬಾಯಿಯ ಮೂಲಕ ಮೊದಲು ಪರಿಚಯವಾದದ್ದನ್ನು ಮಿತ್ರನೆಂದೂ ತಿಳಿಯುವುದೆಂದು ಲ್ಯಾಕ್ ವಿವರಿಸುತ್ತಾರೆ. ಇಸಬಿರುವ ಮಗು ತಿಂದು ಅರಗಿಸಿಕೊಳ್ಳುತ್ತಿದ್ದ ಆಹಾರವನ್ನು ಬಹುಕಾಲ ಬಿಡಿಸಿ ಮತ್ತೆ ಕೊಟ್ಟಾಗ ತೀವ್ರ ಪ್ರತಿಕ್ರಿಯೆಯಾದ ನಿದರ್ಶನಗಳೂ ಇವೆ.

ನಮ್ಮಲ್ಲಿ ಆರನೆಯ ತಿಂಗಳಿನ ಸುಮಾರಿಗೆ ಅನ್ನಪ್ರಾಶನ ಮಾಡುವ ಪದ್ಧತಿಯುಂಟು. ಆ ಬಳಿಕ ರಾಗಿಸರಿಯ ಜೊತೆಯಲ್ಲಿ ಒಂದೊಂದಾಗಿ ಬೇಳೆ, ಮೊಸರು, ಚೆನ್ನಾಗಿ ಬೆಂದ ಮೊಟ್ಟೆ, ನುಣ್ಣಗೆ ಅರೆದ ಕಡಲೆಕಾಯಿಗಳನ್ನು ಮಗುವಿಗೆ ಪರಿಚಯಿಸುವುದು ಇಂದಿನ ವಿಜ್ಞಾನಕ್ಕೆ ಒಪ್ಪುವ ಕ್ರಮ. ಐದು ವರ್ಷದೊಳಗಿನ ಮಗುವಿಗೆ ಇಡೀ ಕಡಲೆಬೀಜವನ್ನು ಕೊಡಬಾರದು. ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ತೀವ್ರ ಇಸಬಿರುವ ಅಥವಾ ಈಗಾಗಲೇ ಒಂದು ಆಹಾರಕ್ಕೆ ಅಲರ್ಜಿ ತೋರಿರುವ ಶಿಶುವಿನ ವಿಷಯದಲ್ಲಿ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಇಷ್ಟನ್ನು ಹೇಳಿದ ಮೇಲೆ ಎರಡನೆಯ ತಪ್ಪಿಗೆ ಬರುತ್ತೇನೆ. 10,000ಕ್ಕೆ 14 ಎಂಬುದು ಕಡಮೆಯೆಂದು ತೋರಬಹುದು. ಆದರೆ ಆ ಹದಿನಾಲ್ಕು ಮಂದಿಯಲ್ಲಿ ಒಬ್ಬಳು ನಮ್ಮ ಮಗಳಾದರೆ ಶೇಕಡಾವಾರಿನಿಂದ ಸಮಾಧಾನವಾಗುವುದಿಲ್ಲ. ಅಲರ್ಜಿ ನಿಶ್ಚಿತವಾದ ಮಗುವಿಗೆ ಪಥ್ಯದಲ್ಲಿ ಸಡಿಲವಿರಕೂಡದು. "ಒಂದು ಚೂರು ತಿಂದರೆ ಏನಾಗುತ್ತದೆ" ಎನ್ನುವ ನೆಂಟರ ಉಪಚಾರದಿಂದ ಮಗುವನ್ನು ಕಾಪಾಡಬೇಕು. 2020ರ ಆಹಾರ ಲೇಬಲ್ ನಿಯಮಗಳಂತೆ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮೊದಲಾದವು ಪೊಟ್ಟಣದ ತಿಂಡಿಯಲ್ಲಿದ್ದರೆ ಹಾಗೆಂದು ಅಚ್ಚುಹಾಕುವುದು ಕಡ್ಡಾಯ. ಅದನ್ನು ಓದುವ ಅಭ್ಯಾಸ ಬೇಕು. ಬೇಕರಿಯ ತಿನಿಸಿಗೂ ಮದುವೆಯ ಊಟಕ್ಕೂ ಲೇಬಲ್ಲಿಲ್ಲ. ಅಲ್ಲಿ ಬಾಯಿಬಿಟ್ಟು ಕೇಳಬೇಕು.

ತೀವ್ರ ಪ್ರತಿಕ್ರಿಯೆಯಾದಾಗ ಮೊದಲು ಕೊಡಬೇಕಾದ ಔಷಧ ಅಡ್ರಿನಲೀನ್. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.01 ಮಿಲಿಗ್ರಾಮಿನಂತೆ ಕೊಡುವ ಚುಚ್ಚುಮದ್ದು. ಹಿಗ್ಗಿದ ರಕ್ತನಾಳಗಳನ್ನು ಅದು ಬಿಗಿಗೊಳಿಸುತ್ತದೆ, ಮುಚ್ಚಿದ ಶ್ವಾಸನಾಳಗಳನ್ನು ತೆರೆಯುತ್ತದೆ. ತುರಿಕೆಯ ಮಾತ್ರೆ ತುರಿಕೆಯನ್ನು ಕಳೆಯಬಲ್ಲದು, ಉಸಿರನ್ನು ಉಳಿಸಲಾರದು. ಅಡ್ರಿನಲೀನ್ ದುಬಾರಿಯ ವಸ್ತುವಲ್ಲ. ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಹೊರದೇಶಗಳಲ್ಲಿ ಪೆನ್ನಿನಾಕಾರದ ಸಿದ್ಧ ಚುಚ್ಚುಮದ್ದನ್ನು ಮಗುವಿನ ಚೀಲದಲ್ಲೇ ಇಟ್ಟಿರುತ್ತಾರೆ. ನಮ್ಮ ಊರುಗಳ ಔಷಧದ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಕ್ಕುವಂಥದಲ್ಲ. ಆದುದರಿಂದ ನಮ್ಮ ಭಾರ ಬೀಳುವುದು ಹತ್ತಿರದ ಆಸ್ಪತ್ರೆಯ ಮೇಲೆ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಈ ಔಷಧ ಬೀರುವಿನಲ್ಲಿರುವುದಷ್ಟೇ ಸಾಲದು. ತಡಮಾಡದೆ ಕೊಡುವ ಕೈಯೂ ಸಿದ್ಧವಿರಬೇಕು. ಪ್ರತಿಯೊಂದು ಶಾಲೆಯಲ್ಲಿಯೂ ಅಲರ್ಜಿಯುಳ್ಳ ಮಕ್ಕಳ ಹೆಸರು, ಕೂಡದ ಆಹಾರ, ತಂದೆತಾಯಿಗಳ ದೂರವಾಣಿ, ಹತ್ತಿರದ ಆಸ್ಪತ್ರೆ, ಇಷ್ಟನ್ನು ಬರೆದ ಒಂದು ಹಾಳೆ ಅಡಿಗೆಯವರಿಗೂ ಅಧ್ಯಾಪಕರಿಗೂ ಕಾಣುವಂತೆ ಇರಬೇಕು.

ಅಲರ್ಜಿಯ ತೀರ್ಪು ಜೀವಾವಧಿಯದೂ ಅಲ್ಲ. ಹಾಲು ಮತ್ತು ಮೊಟ್ಟೆಯ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತ ಮಾಯವಾಗುತ್ತದೆ. ಕಡಲೆಕಾಯಿಯದು ಐವರಲ್ಲಿ ಒಬ್ಬರಿಗೆ ಮಾತ್ರ ಹೋಗುತ್ತದೆ. ಆದುದರಿಂದ ಕಾಲಕಾಲಕ್ಕೆ ವೈದ್ಯರಿಂದ ಮರುಪರಿಶೀಲನೆ ಅವಶ್ಯಕ.

ಮುಂದಿನ ಸಲ ಯಾರಾದರೂ ಅಚ್ಚಾದ ಪಟ್ಟಿಯನ್ನು ಕೈಗಿತ್ತು "ಇವಿಷ್ಟನ್ನೂ ಬಿಡಿಸಿ" ಎಂದರೆ, ತಂದೆತಾಯಿಗಳು ವಿನಯದಿಂದ ಒಂದು ಪ್ರಶ್ನೆಯನ್ನು ಕೇಳಲಿ: "ಇದನ್ನು ತಿಂದಾಗ ನಮ್ಮ ಮಗುವಿಗೆ ಎಂದಾದರೂ ಏನಾದರೂ ಆಗಿದೆಯೆ?" ಆಗಿಲ್ಲವೆಂದಾದರೆ, ಆಹಾರವನ್ನು ನಿಲ್ಲಿಸುವ ಮೊದಲು ಅಲರ್ಜಿಯನ್ನು ಬಲ್ಲ ಇನ್ನೊಬ್ಬ ವೈದ್ಯರನ್ನು ಕಾಣಲಿ. ಆಗಿದೆಯೆಂದಾದರೆ, ಅಂದೇ ಹತ್ತಿರದ ಆಸ್ಪತ್ರೆಗೆ ಹೋಗಿ ಅಲ್ಲಿ ಅಡ್ರಿನಲೀನ್ ಇದೆಯೆ, ರಾತ್ರಿಯ ಹೊತ್ತು ಅದನ್ನು ಕೊಡುವವರು ಯಾರು ಎಂದು ವಿಚಾರಿಸಿಕೊಂಡು ಬರಲಿ.